ಅಧ್ಯಯನವೊಂದು ಹೇಳಿದೆಯಂತೆ!

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ದಿನದ ಟ್ರೈನಿಂಗ್. ವಿಷಯ: ಆತ್ಮವಿಶ್ವಾಸ. ಮಧ್ಯಾಹ್ನ ಬಿಸಿಬೇಳೆಬಾತ್ ಉಂಡು ಎಲ್ಲರೂ ತೂಕಡಿಸುವ ಹೊತ್ತಿಗೆ ಸರಿಯಾಗಿ ಟ್ರೈನರ್ ನಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು. ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು, ಎದೆ ಸೆಟೆಸಿ, ಗದ್ದ ಮೇಲೆತ್ತಿ ಎರಡು ನಿಮಿಷ ನಿಲ್ಲಬೇಕು. ಥೇಟ್ ಹಳೇ ಸಿನಿಮಾದಲ್ಲಿ ಸಾಲ ವಸೂಲಿಗೆ ಬಂದ ಸಾಹುಕಾರನ ಭಂಗಿ. “ಹೀಗೆ ನಿಂತರೆ ದೇಹದಲ್ಲಿ ಟೆಸ್ಟೊಸ್ಟೆರಾನ್ ಏರುತ್ತೆ, ಒತ್ತಡದ ಹಾರ್ಮೋನ್ ಇಳಿಯುತ್ತೆ. ನಾನು ಹೇಳ್ತಿರೋದಲ್ಲ, ಅಧ್ಯಯನ ಹೇಳಿದೆ” ಅಂದರು. ಮೂವತ್ತೆಂಟು ಜನ ಇಂಜಿನಿಯರುಗಳು ಮಾತಿಲ್ಲದೆ ಸಾಹುಕಾರರಾದೆವು.

ಆ ಅಧ್ಯಯನ 2010ರದ್ದು. ಅದರಲ್ಲಿ ಭಾಗವಹಿಸಿದವರು ಒಟ್ಟು 42 ಜನ. 2015ರಲ್ಲಿ ಬೇರೊಂದು ತಂಡ 200 ಜನರನ್ನು ಹಾಗೇ ನಿಲ್ಲಿಸಿ ನೋಡಿತು. ‘ನನಗೇನೋ ಶಕ್ತಿ ಬಂದ ಹಾಗಿದೆ’ ಅಂತ ಅವರಿಗೆ ಅನ್ನಿಸಿತು, ನಿಜ. ಆದರೆ ಹಾರ್ಮೋನ್ ಅಲ್ಲಾಡಲಿಲ್ಲ. 2016ರಲ್ಲಿ ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ ಬಹಿರಂಗವಾಗಿ ಬರೆದರು: ಈ ಪರಿಣಾಮ ನಿಜವೆಂದು ನಾನು ನಂಬುವುದಿಲ್ಲ, ಇದನ್ನು ತರಗತಿಯಲ್ಲಿ ಕಲಿಸುವುದಿಲ್ಲ, ಇದರ ಹಿಂದೆ ಬೀಳಬೇಡಿ ಅಂತ ಬೇರೆಯವರಿಗೂ ಹೇಳುತ್ತೇನೆ. ಸ್ವಂತ ಹೆಸರು ತಂದುಕೊಟ್ಟ ಸಂಶೋಧನೆಯ ಬಗ್ಗೆ ಹೀಗೆ ಬರೆಯೋದಕ್ಕೆ ಎಷ್ಟು ಎದೆಗಾರಿಕೆ ಬೇಕು ಯೋಚಿಸಿ. ಆತ್ಮವಿಶ್ವಾಸದ ಟ್ರೈನಿಂಗ್‌ನಲ್ಲಿ ಹೇಳಬೇಕಾದ ಕತೆ ಅಂದರೆ ಅದು. ಅದನ್ನು ಯಾರೂ ಹೇಳಲಿಲ್ಲ.

ನನಗೆ ಇದು ಮೊದಲೇ ಗೊತ್ತಿತ್ತು. ಕೈಯೆತ್ತಿ ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಅಪ್ರೈಸಲ್ ತಿಂಗಳು. ಎರಡು ನಿಮಿಷ ಸಾಹುಕಾರನ ಹಾಗೆ ನಿಂತ ಮೇಲೂ ಒಂದು ಪ್ರಶ್ನೆ ಕೇಳುವಷ್ಟು ಧೈರ್ಯ ಬರಲಿಲ್ಲ ಅನ್ನುವುದನ್ನು ಆ ಅಧ್ಯಯನದ ಬಗ್ಗೆ ನನ್ನ ಕಡೆಯ ಪುರಾವೆ ಅಂತ ಇಟ್ಟುಕೊಳ್ಳಿ.

ನಮ್ಮಜ್ಜಿ ಗ್ರಹಣದ ದಿನ ನೀರೂ ಕುಡಿಯಲು ಬಿಡುತ್ತಿರಲಿಲ್ಲ. ಯಾಕಜ್ಜಿ ಅಂದರೆ “ಶಾಸ್ತ್ರದಲ್ಲಿದೆ” ಅಂತ ಒಂದೇ ಮಾತು. ಯಾವ ಶಾಸ್ತ್ರ, ಯಾರು ಬರೆದದ್ದು ಅಂತ ಕೇಳಿದರೆ “ಅಧಿಕಪ್ರಸಂಗಿ” ಅಂತ ಬೈಗುಳ. ಪಿಯುಸಿಯಲ್ಲಿ ಸೈನ್ಸ್ ತಗೊಂಡ ನಾವೆಲ್ಲ ಅಜ್ಜಿಯನ್ನು ನೋಡಿ ನಕ್ಕವರು. ಈಗ ನಾವೇ ಏನು ಮಾಡ್ತಿದ್ದೀವಿ ನೋಡಿ. ದಿನಕ್ಕೆ ಇಷ್ಟೇ ಹೆಜ್ಜೆ ನಡೀಬೇಕು, ಮಗು ಹೀಗೇ ಮಲಗಬೇಕು, ನಾಯಕ ಹೀಗೇ ಕೂರಬೇಕು – ಯಾಕ್ರೀ ಅಂದರೆ “ಸ್ಟಡಿ ಹೇಳುತ್ತೆ”. ಯಾವ ಸ್ಟಡಿ, ಎಷ್ಟು ಜನರ ಮೇಲೆ, ಬೇರೆ ಯಾರಾದರೂ ಮಾಡಿ ನೋಡಿದರಾ ಅಂತ ಕೇಳಿದರೆ ಅದೇ ಹಳೇ ಅಧಿಕಪ್ರಸಂಗಿ ಪಟ್ಟ, ಈ ಸಲ ‘ನೆಗೆಟಿವ್ ಪರ್ಸನ್’ ಅನ್ನೋ ಹೆಸರಲ್ಲಿ. ನಾವು ಶಾಸ್ತ್ರ ಬಿಟ್ಟಿಲ್ಲ ಸ್ವಾಮಿ, ಶಾಸ್ತ್ರದ ಪುಸ್ತಕ ಬದಲಾಯಿಸಿದ್ದೀವಿ ಅಷ್ಟೆ. ಅಜ್ಜಿಯಾದರೂ ತನ್ನ ಮಾತನ್ನು ವಿಜ್ಞಾನ ಅಂತ ಕರೀತಿರಲಿಲ್ಲ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಡೆವಲಪರ್ ಬಂದು “ನನ್ನ ಮಷಿನ್‌ನಲ್ಲಿ ಓಡ್ತಿದೆ” ಅಂದರೆ ನಮ್ಮ ಕೆಲಸ ಮುಗಿಯೋದಲ್ಲ, ಶುರುವಾಗೋದು. ಇದು ಐಟಿಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಒಬ್ಬರ ಲ್ಯಾಪ್‌ಟಾಪಿನಲ್ಲಿ ಒಂದು ಸಲ ಓಡಿದ ಕೋಡನ್ನು ನಾವು ಬ್ಯಾಂಕಿನ ಸರ್ವರ್ ಮೇಲೆ ಹಾಕುವುದಿಲ್ಲ. ಅದೇ ನಾವು, ಒಂದು ಲ್ಯಾಬಿನಲ್ಲಿ ಒಂದು ಸಲ ಬಂದ ಉತ್ತರವನ್ನು ಮಾತ್ರ ಮರುದಿನವೇ ಮನೆಯೊಳಗೆ, ಮಕ್ಕಳ ಮೇಲೆ, ಅಪ್ಪ ಅಮ್ಮನ ಊಟದ ಮೇಲೆ ಹೇರಿಬಿಡ್ತೀವಿ. ನನ್ನ ಜಗಳ ಇರೋದು ವಿಜ್ಞಾನದ ಜೊತೆಗಲ್ಲ. ವಿಜ್ಞಾನದ ರಿಲೀಸ್ ಪಾರ್ಟಿಗೆ ಮಾತ್ರ ಬಂದು, ಕೇಕ್ ತಿಂದು, ಟೆಸ್ಟಿಂಗ್ ಶುರುವಾಗೋ ಮೊದಲೇ ಎದ್ದು ಹೋಗುವ ನಮ್ಮ ಜೊತೆಗೆ.

2011ರ ಸೆಪ್ಟೆಂಬರ್ ನೆನಪಿದೆಯಾ? ಬೆಳಕಿಗಿಂತ ವೇಗವಾಗಿ ಹೋಗುವ ಕಣ ಸಿಕ್ಕಿದೆ, ಐನ್‌ಸ್ಟೈನ್ ಸೋತರು ಅಂತ ಜಗತ್ತಿನ ಪೇಪರುಗಳೆಲ್ಲ ಕೂಗಿದವು. ನಡೆದದ್ದು ಇಷ್ಟು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೊ ಕಣಗಳನ್ನು ಸುಮಾರು 730 ಕಿಲೋಮೀಟರ್ ದೂರದಲ್ಲಿ, ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿಯಲ್ಲಿ, ಒಪೆರಾ ಅನ್ನೋ ತಂಡ ಹಿಡಿದು ನೋಡುತ್ತಿತ್ತು. ಮೂರು ವರ್ಷದ ಅಳತೆಯಲ್ಲಿ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ಬಂದ ಹಾಗೆ ಕಂಡಿತು. 60 ನ್ಯಾನೊಸೆಕೆಂಡ್ ಅಂದರೆ ಒಂದು ಸೆಕೆಂಡಿನ ನೂರು ಕೋಟಿ ಭಾಗ ಮಾಡಿ ಅದರಲ್ಲಿ 60 ಭಾಗ. ಅಂದಹಾಗೆ ನ್ಯೂಟ್ರಿನೊಗಳಿಗೆ ದಾರಿ ಬೇಕಾಗಿಲ್ಲ, ಬಂಡೆ ಮಣ್ಣು ಎಲ್ಲದರೊಳಗಿಂದ ಸಲೀಸಾಗಿ ತೂರಿ ಹೋಗುತ್ತವೆ. ಆದರೆ ಇಟಲಿಯ ಶಿಕ್ಷಣ ಸಚಿವೆಯ ಕಚೇರಿ ಮಾತ್ರ, ಸರ್ನ್‌ನಿಂದ ಗ್ರಾನ್ ಸಾಸ್ಸೊವರೆಗೆ ಸುರಂಗ ಕಟ್ಟಲು ನಮ್ಮ ದೇಶವೂ ದುಡ್ಡು ಕೊಟ್ಟಿದೆ ಅಂತ ಹೆಮ್ಮೆಯ ಪ್ರಕಟಣೆ ಹೊರಡಿಸಿತು. 730 ಕಿಲೋಮೀಟರ್ ಸುರಂಗ! ಮಂತ್ರಿಗಳ ವಿಷಯದಲ್ಲಿ ನಾವು ಒಂಟಿಯಲ್ಲ ಅಂತ ಆಗ ಸಮಾಧಾನವಾಗಿತ್ತು.

ಆಮೇಲೇನಾಯಿತು? ಮಾರನೇ ವರ್ಷ ಫೆಬ್ರವರಿಯಲ್ಲಿ ಗೊತ್ತಾಯಿತು: ಜಿಪಿಎಸ್ ಸಮಯವನ್ನು ಕಂಪ್ಯೂಟರಿಗೆ ತರುವ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ. ಸಡಿಲ ಕನೆಕ್ಷನ್. ಜೊತೆಗೆ ಗಡಿಯಾರದ್ದೂ ಒಂದು ದೋಷವಿತ್ತು, ಅದು ಲೆಕ್ಕವನ್ನು ಉಲ್ಟಾ ದಿಕ್ಕಿಗೆ ಎಳೀತಿತ್ತು. ಮಾರ್ಚ್‌ನಲ್ಲಿ ಅದೇ ಬೆಟ್ಟದಡಿಯ ಇನ್ನೊಂದು ಪ್ರಯೋಗ, ಇಕಾರಸ್, ಬೇರೆ ಉಪಕರಣದಲ್ಲಿ ಅಳೆದು ನ್ಯೂಟ್ರಿನೊಗಳು ಬೆಳಕನ್ನು ಹಿಂದೆ ಹಾಕಿಲ್ಲ ಅಂತ ತೋರಿಸಿತು. ಒಪೆರಾ ತಂಡದ ಮುಖ್ಯಸ್ಥರು ಹುದ್ದೆ ಬಿಟ್ಟರು.

ಇದನ್ನು ಕೇಳಿದವರು ಬಿದ್ದು ಬಿದ್ದು ನಕ್ಕರು. “ಅಷ್ಟು ದೊಡ್ಡ ವಿಜ್ಞಾನಿಗಳು, ವೈರ್ ಸರಿಯಾಗಿ ಸಿಕ್ಕಿಸೋಕೆ ಬರಲ್ವಾ?” ಅಂತ. ಟಿವಿ ಹಾಳಾದಾಗ ಮೊದಲು ಪ್ಲಗ್ ನೋಡು ಅನ್ನುವ ನಮ್ಮ ಮಾವನವರಂತೂ ಈಗಲೂ ಇದನ್ನು ಹೇಳಿ ನಗುತ್ತಾರೆ. ನಗಿ, ತಪ್ಪಿಲ್ಲ. ಆದರೆ ಆ ತಂಡ ಮೊದಲ ದಿನ ಹೇಳಿದ್ದೇನು ಅಂತ ಯಾರೂ ನೆನಪಿಟ್ಟುಕೊಂಡಿಲ್ಲ. ‘ಐನ್‌ಸ್ಟೈನ್ ತಪ್ಪು’ ಅಂತ ಅವರು ಹೇಳಿರಲಿಲ್ಲ. ತಿಂಗಳುಗಟ್ಟಲೆ ಹುಡುಕಿದರೂ ನಮ್ಮ ತಪ್ಪು ನಮಗೆ ಸಿಗುತ್ತಿಲ್ಲ, ಇಗೋ ಲೆಕ್ಕ, ನೀವೂ ಹುಡುಕಿ ಅಂದಿದ್ದರು. ಕೊನೆಗೆ ಕೇಬಲ್ಲಿನ ದೋಷ ಹುಡುಕಿದ್ದೂ ಅವರೇ, ಜಗತ್ತಿಗೆ ಹೇಳಿದ್ದೂ ಅವರೇ. ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಕೈಕೊಟ್ಟಾಗ ಬರೆಯುವ ರಿಪೋರ್ಟುಗಳಲ್ಲಿ ‘ಕೇಬಲ್ ನಾನೇ ಸಡಿಲ ಬಿಟ್ಟಿದ್ದೆ’ ಅಂತ ಬರೆದವರನ್ನು ಹದಿಮೂರು ವರ್ಷದ ಸರ್ವಿಸ್‌ನಲ್ಲಿ ನಾನು ನೋಡಿಲ್ಲ. ‘ವೆಂಡರ್ ಸಮಸ್ಯೆ’ ಅಂತ ಇರುತ್ತೆ.

ದೂರದ ಇಟಲಿ ಬಿಡಿ, ನಮ್ಮೂರಿಗೇ ಬನ್ನಿ. 2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಒಂದು ಪ್ರಬಂಧ ಹಾಕಿದರು. ಚಿನ್ನ ಬೆಳ್ಳಿಯ ಅತಿಸೂಕ್ಷ್ಮ ರಚನೆಯೊಂದು 236 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 37 ಡಿಗ್ರಿಯಲ್ಲೇ, ಸೂಪರ್‌ಕಂಡಕ್ಟರ್ ಆಗುತ್ತದೆ – ವಿದ್ಯುತ್ತು ಚೂರೂ ಪೋಲಾಗದೆ ಹರಿಯುತ್ತದೆ – ಅನ್ನುವುದು ಅವರ ಮಾತು. ನಿಜವಾದರೆ ನೊಬೆಲ್ ಮನೆಬಾಗಿಲಿಗೆ ಬರುವ ಸುದ್ದಿ. ಆಗಸ್ಟ್‌ನಲ್ಲಿ ಅಮೆರಿಕದ ಎಂಐಟಿಯ ಬ್ರಯಾನ್ ಸ್ಕಿನ್ನರ್ ಅನ್ನುವ ಭೌತವಿಜ್ಞಾನಿ ಅವರ ಗ್ರಾಫನ್ನು ಹಿಗ್ಗಿಸಿ ನೋಡಿದರು. ಯಾವ ಅಳತೆಯಲ್ಲೂ ಒಂದಿಷ್ಟು ಗದ್ದಲ ಇರುತ್ತದೆ, ಚುಕ್ಕಿಗಳು ಚೂರು ಮೇಲೆ ಚೂರು ಕೆಳಗೆ ನಡುಗುತ್ತಿರುತ್ತವೆ. ಆ ನಡುಕಕ್ಕೆ ಲೆಕ್ಕಾಚಾರ ಇರಬಾರದು. ಮಾರ್ಕೆಟ್ಟಿನ ಗಲಾಟೆಯನ್ನು ಎರಡು ದಿನ ರೆಕಾರ್ಡ್ ಮಾಡಿದರೆ ಎರಡೂ ಒಂದೇ ಥರ ಕೇಳಿಸೋಕೆ ಸಾಧ್ಯವಾ? ಇಲ್ಲಿ ಬೇರೆ ಬೇರೆ ಎರಡು ಅಳತೆಗಳ ಗದ್ದಲ ಒಂದರ ನೆರಳಿನಂತೆ ಇನ್ನೊಂದು ಕಂಡಿತು. ಅದು ಯಾಕೆ ಹಾಗೆ ಅಂತ ಸ್ಕಿನ್ನರ್ ಪ್ರಶ್ನೆ ಕೇಳಿದರು, ಆಪಾದನೆ ಹೊರಿಸಲಿಲ್ಲ. ಬೆಂಗಳೂರಿನ ತಂಡ ತನ್ನ ಮಾತಿಗೆ ನಿಂತಿತು, 2019ರಲ್ಲಿ ಇನ್ನಷ್ಟು ಸಹಲೇಖಕರೊಂದಿಗೆ, ಇನ್ನಷ್ಟು ದತ್ತಾಂಶದೊಂದಿಗೆ ಪ್ರಬಂಧವನ್ನು ಮತ್ತೆ ಹಾಕಿತು. ಮೊದಲ ಸುದ್ದಿ ಬಂದಾಗ ‘ನಮ್ಮ ಬೆಂಗಳೂರು’ ಅಂತ ಎದೆ ತಟ್ಟಿ ಶೇರ್ ಮಾಡಿದವರಲ್ಲಿ ನಾನೂ ಒಬ್ಬಳು. ಮುಂದಿನ ಕತೆಯನ್ನು ನಾವ್ಯಾರೂ ಶೇರ್ ಮಾಡಲಿಲ್ಲ.

2023ರ ಜುಲೈನಲ್ಲಿ ಇದೇ ನಾಟಕ ಇನ್ನೂ ದೊಡ್ಡ ರಂಗದಲ್ಲಿ ನಡೆಯಿತು. ಕೊರಿಯಾದ ಎಲ್‌ಕೆ-99, ಕೋಣೆಯ ಬಿಸಿಯಲ್ಲೇ ಸೂಪರ್‌ಕಂಡಕ್ಟರ್! ಆಯಸ್ಕಾಂತದ ಮೇಲೆ ಅರೆಬರೆ ತೇಲುವ ಕಪ್ಪು ಚೂರಿನ ವಿಡಿಯೊ ನೀವೂ ನೋಡಿರುತ್ತೀರಿ. ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಅವಾನ ಮತ್ತು ಸಂಗಡಿಗರು ಕೆಲವೇ ದಿನಗಳಲ್ಲಿ ಅದನ್ನು ಮಾಡಿ ನೋಡಿ, ನಮಗೆ ಸೂಪರ್‌ಕಂಡಕ್ಟಿವಿಟಿ ಕಾಣಲಿಲ್ಲ ಅಂತ ಹೇಳಿದರು. ಆಗಸ್ಟ್ ಮುಗಿಯುವ ಹೊತ್ತಿಗೆ ಗುಟ್ಟು ಬಯಲಾಗಿತ್ತು. ಸುಮಾರು 104 ಡಿಗ್ರಿಯಲ್ಲಿ ಪ್ರತಿರೋಧ ಧಡಕ್ಕನೆ ಇಳಿಯುತ್ತಿದ್ದದ್ದು ಅದರಲ್ಲಿ ಕಲಬೆರಕೆಯಾಗಿದ್ದ ತಾಮ್ರದ ಸಲ್ಫೈಡಿನಿಂದ. ಜರ್ಮನಿಯಲ್ಲಿ ಕಲಬೆರಕೆಯಿಲ್ಲದ ಹರಳು ಬೆಳೆಸಿದಾಗ ಅದು ವಿದ್ಯುತ್ತನ್ನು ಹರಿಸುವುದಿರಲಿ, ತಡೆಯುವ ವಸ್ತು ಅಂತ ಗೊತ್ತಾಯಿತು. ದೆಹಲಿಯವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದು ಸುಳ್ಳು ಭರವಸೆಯನ್ನು ವಾರದೊಳಗೆ ಪ್ರಶ್ನಿಸಿದ ಭಾರತೀಯರಿಗಿಂತ ನಮಗೆ ಪತ್ತೆ ಮಾಡಿದ ‘ಭಾರತೀಯ ಮೂಲದವರು’ ಬೇಕು.

ಅದಕ್ಕೇ ಕೆ2-18ಬಿ ಸುದ್ದಿ ಬಂದಾಗ ನಮ್ಮ ಫ್ಯಾಮಿಲಿ ಗ್ರೂಪ್ ಹುಚ್ಚೆದ್ದಿತು. 2025ರ ಏಪ್ರಿಲ್. ಸಿಂಹ ರಾಶಿಯ ದಿಕ್ಕಿನಲ್ಲಿ, 124 ಜ್ಯೋತಿರ್ವರ್ಷ ದೂರದ ಗ್ರಹವೊಂದರ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ದಾಯಾದಿ ಅನಿಲದ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆ ಅಂತ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಪ್ರಕಟಿಸಿತು. ನಮ್ಮ ಭೂಮಿಯಲ್ಲಿ ಈ ಅನಿಲವನ್ನು ಹೆಚ್ಚಾಗಿ ಬಿಡುವುದು ಸಮುದ್ರದ ಸೂಕ್ಷ್ಮ ಪಾಚಿಗಳು. ಚಿಕ್ಕಪ್ಪ ಕಳಿಸಿದ ಫಾರ್ವರ್ಡ್‌ನಲ್ಲಿ ‘ಅನ್ಯಗ್ರಹ ಜೀವಿ ಪತ್ತೆ, ಭಾರತೀಯನ ಸಾಧನೆ, 99.7% ಖಚಿತ’ ಅಂತಿತ್ತು. ಕೆಳಗೆ ಹದಿನೇಳು ಕೈಮುಗಿದ ಎಮೋಜಿ.

ಈ 99.7 ಇದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಓದಿದವರೂ ಎಡವುವುದು ಇಲ್ಲೇ. ಪ್ರಬಂಧ ಹೇಳಿದ್ದು: ಇಂಥ ಅನಿಲ ಅಲ್ಲಿ ಇಲ್ಲವೇ ಇಲ್ಲ ಅಂದುಕೊಂಡರೆ, ಬರೀ ಅಳತೆಯ ಗದ್ದಲದಿಂದ ಇಂಥ ಸುಳಿವು ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು 0.3%. ಇದನ್ನು ಮೂರು ಸಿಗ್ಮಾ ಅನ್ನುತ್ತಾರೆ. ಆದರೆ ‘ಗದ್ದಲ ಅಲ್ಲ’ ಅನ್ನುವುದಕ್ಕೂ ‘ಆ ಅನಿಲವೇ’ ಅನ್ನುವುದಕ್ಕೂ ನಡುವೆ ಒಂದು ಹಳ್ಳ, ‘ಆ ಅನಿಲವೇ’ ಅನ್ನುವುದಕ್ಕೂ ‘ಜೀವ ಇದೆ’ ಅನ್ನುವುದಕ್ಕೂ ನಡುವೆ ಇನ್ನೂ ದೊಡ್ಡ ಹಳ್ಳ. ರಾತ್ರಿ ಅಡುಗೆಮನೆಯಲ್ಲಿ ಸದ್ದಾಯಿತು, ಗಾಳಿಯಿಂದ ಆಗಿರೋ ಸಾಧ್ಯತೆ ಕಮ್ಮಿ ಅನ್ನಿ. ಹಾಗಂತ ಕಳ್ಳನೇ ಅಂತ ಪೊಲೀಸರಿಗೆ ಫೋನ್ ಮಾಡ್ತೀರಾ? ಬೆಕ್ಕಿರಬಹುದು. ಡೈಮೀಥೈಲ್ ಸಲ್ಫೈಡ್ ಯಾವ ಜೀವವೂ ಇಲ್ಲದ ಧೂಮಕೇತು 67ಪಿಯಲ್ಲೂ ಸಿಕ್ಕಿದೆ. ಕೆಲವೇ ವಾರಗಳಲ್ಲಿ ಬೇರೆ ತಂಡಗಳು ಅದೇ ದತ್ತಾಂಶವನ್ನು ಬೇರೆ ಲೆಕ್ಕದಲ್ಲಿ ಹಾಕಿ ನೋಡಿ, ನಂಬುವಂಥ ಸುಳಿವೇ ಇಲ್ಲ ಅಂತಲೂ, ಬೇರೆ ಅನಿಲಗಳೂ ಹೀಗೇ ಕಾಣಬಹುದು ಅಂತಲೂ ಬರೆದವು. ಮೂಲ ತಂಡವೂ ಇನ್ನಷ್ಟು ಹೊತ್ತು ದೂರದರ್ಶಕ ಬೇಕು ಅಂದಿತ್ತು. ಐದು ಸಿಗ್ಮಾ ತಲುಪದೆ ಖಚಿತ ಅನ್ನುವುದಿಲ್ಲ ಅನ್ನೋದು ಅವರ ಮನೆಯ ರೂಢಿ. ನಾನು ಇದಿಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ತಿಂಗಳಾದ ಮೇಲೆ ಚಿಕ್ಕಪ್ಪ ಹೇಳಿದರು: “ಈ ಸೈಂಟಿಸ್ಟುಗಳದ್ದು ಇಷ್ಟೇಮ್ಮ, ಇವತ್ತೊಂದು ಹೇಳ್ತಾರೆ, ನಾಳೆ ಇನ್ನೊಂದು. ನಮ್ಮ ಪಂಚಾಂಗ ನೋಡು, ಸಾವಿರಾರು ವರ್ಷದಿಂದ ಒಂದೇ.”

ಪೆಟ್ಟು ಬೀಳೋದು ಇಲ್ಲೇ. ಅವಸರದ ಡಂಗುರ ಬಾರಿಸಿದ್ದು ಪೇಪರು, ಹಂಚಿದ್ದು ನಾವು, ಸುಳ್ಳಾದಾಗ ಮರ್ಯಾದೆ ಹೋಗಿದ್ದು ವಿಜ್ಞಾನದ್ದು. ವಿಶ್ವವಿದ್ಯಾಲಯಗಳ ಪ್ರಚಾರ ವಿಭಾಗಗಳನ್ನೂ ಸುಮ್ಮನೆ ಬಿಡುವ ಹಾಗಿಲ್ಲ. 2010ರ ಡಿಸೆಂಬರಿನಲ್ಲಿ ನಾಸಾ ಪತ್ರಿಕಾಗೋಷ್ಠಿ ಕರೆದು, ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಬ್ಯಾಕ್ಟೀರಿಯಾ ಒಂದು ರಂಜಕದ ಬದಲು ಆರ್ಸೆನಿಕ್, ಅಂದರೆ ಪಾಷಾಣ, ಬಳಸಿಕೊಂಡು ಡಿಎನ್‌ಎ ಕಟ್ಟಿಕೊಳ್ಳುತ್ತದೆ ಎಂಬ ಪ್ರಬಂಧವನ್ನು ಭಾರೀ ಸದ್ದಿನೊಂದಿಗೆ ಬಿಡುಗಡೆ ಮಾಡಿತು. ಎರಡೇ ದಿನಕ್ಕೆ ಕೆನಡಾದ ಸೂಕ್ಷ್ಮಜೀವಿ ವಿಜ್ಞಾನಿ ರೋಸಿ ರೆಡ್‌ಫೀಲ್ಡ್ ಅದರ ಒಂದೊಂದು ಹಂತವನ್ನೂ ಜಾಲಾಡಿದರು. ಎಲ್ಲಿ? ತಮ್ಮ ಬ್ಲಾಗಿನಲ್ಲಿ! ಇಂಥ ಚರ್ಚೆ ಬ್ಲಾಗುಗಳಲ್ಲಿ ಮಾಡುವಂಥದ್ದಲ್ಲ ಅನ್ನುವ ರಾಗ ನಾಸಾ ಕಡೆಯಿಂದ ಬಂತು. ಆಯಮ್ಮ ಸುಮ್ಮನಾಗಲಿಲ್ಲ. ಬ್ಯಾಕ್ಟೀರಿಯಾ ತರಿಸಿ, ತಾವೇ ಬೆಳೆಸಿ, ಪ್ರತಿ ಹಂತವನ್ನೂ ಬ್ಲಾಗಿನಲ್ಲಿ ಬರೆಯುತ್ತಾ ಪರೀಕ್ಷಿಸಿದರು. ಡಿಎನ್‌ಎಯಲ್ಲಿ ಆರ್ಸೆನಿಕ್ ಸಿಗಲಿಲ್ಲ. 2012ರಲ್ಲಿ ಆ ಫಲಿತಾಂಶ ಮೂಲ ಪ್ರಬಂಧ ಬಂದ ‘ಸೈನ್ಸ್’ ಪತ್ರಿಕೆಯಲ್ಲೇ ಅಚ್ಚಾಯಿತು. ಪತ್ರಿಕೆ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡದ್ದು ಯಾವಾಗ ಗೊತ್ತಾ? 2025ರ ಜುಲೈನಲ್ಲಿ. ಲೇಖಕರು ಆಗಲೂ ಒಪ್ಪಲಿಲ್ಲ ಅನ್ನುವುದು ಬೇರೆ ಮಾತು. ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಅಂತ ಹೇಳುತ್ತೇವಲ್ಲ, ಹೌದು, ತಿದ್ದಿಕೊಳ್ಳುತ್ತದೆ. ನಮ್ಮ ತಾಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿ ಆಗೋ ವೇಗದಲ್ಲಿ, ಒಮ್ಮೊಮ್ಮೆ.

ಅನ್ಯಗ್ರಹದ ಪಾಚಿಯಿಂದ ಯಾರ ಮನೆಯೂ ಮುರಿಯುವುದಿಲ್ಲ. ಮನಸ್ಸಿನ ವಿಜ್ಞಾನದ ವಿಷಯ ಹಾಗಲ್ಲ, ಅದು ನೇರ ಮನೆಯೊಳಗೆ ನುಗ್ಗುತ್ತದೆ. ಇದನ್ನು ನನ್ನ ಮನೆಯಲ್ಲಿ ನಡೆದದ್ದರಿಂದಲೇ ಹೇಳಬೇಕು.

ಮಾರ್ಷ್‌ಮೆಲೊ ಪ್ರಯೋಗ ನಿಮಗೆ ಗೊತ್ತಿರುತ್ತೆ. ಅರವತ್ತರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಶುರು ಮಾಡಿದ್ದು. ಮಗುವಿನ ಮುಂದೆ ಒಂದು ಮಿಠಾಯಿ ಇಡಿ, ನಾನು ಬರುವವರೆಗೆ ತಿನ್ನದೆ ಇದ್ದರೆ ಎರಡು ಅನ್ನಿ. ಕಾದ ಮಕ್ಕಳು ಮುಂದೆ ಓದಿನಲ್ಲಿ, ಬದುಕಿನಲ್ಲಿ ಮೇಲೆ ಬಂದರು ಅನ್ನುವ ಕತೆಯನ್ನು ನಾನು ಹತ್ತು ಟ್ರೈನಿಂಗ್‌ನಲ್ಲಾದರೂ ಕೇಳಿದ್ದೆ. ಕೆಲವು ವರ್ಷದ ಹಿಂದಿನ ಒಂದು ಭಾನುವಾರ, ಮನೆಕೆಲಸಕ್ಕೆ ಬರುವ ಗೌರಮ್ಮ ತನ್ನ ಮಗಳು ಪಲ್ಲವಿಯನ್ನೂ ಕರೆದುಕೊಂಡು ಬಂದಿದ್ದಳು. ಐದು ವರ್ಷ, ನನ್ನ ಮಗನದ್ದೇ ವಯಸ್ಸು. ಇಬ್ಬರನ್ನೂ ಡೈನಿಂಗ್ ಟೇಬಲ್ಲಿಗೆ ಕೂರಿಸಿ, ಒಂದೊಂದು ಚಾಕೊಲೇಟ್ ಇಟ್ಟು, ಹತ್ತು ನಿಮಿಷ ತಿನ್ನದಿದ್ದರೆ ಇನ್ನೆರಡು ಅಂದೆ. ನನ್ನ ಮಗ ಕಾಲಾಡಿಸುತ್ತಾ ಕೂತ. ಪಲ್ಲವಿ ನಾನು ತಿರುಗುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಿದ್ದಳು. ನಾನು ಗಂಡನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ನೋಡಿದ್ಯಾ, ವ್ಯತ್ಯಾಸ ಇಲ್ಲೇ ಶುರುವಾಗೋದು” ಅಂದೆ. ಗೌರಮ್ಮನಿಗೆ ಇಂಗ್ಲಿಷ್ ಬರಲ್ಲ. ಮುಖ ಓದೋಕೆ ಬರುತ್ತೆ. ಪಾತ್ರೆ ತೊಳೆಯುತ್ತಲೇ ಹೇಳಿದಳು: “ಆ ಹಳೇ ಸೈಕಲ್ ಕೊಡ್ತೀನಿ ಅಂದಿದ್ರಲ್ಲಕ್ಕಾ, ಮುಂದಿನ ವಾರ ಮುಂದಿನ ವಾರ ಅಂತ. ದಿನಾ ಕೇಳ್ತಾಳೆ ಇವಳು.”

ಮಗನ ಮೂರು ಚಕ್ರದ ಸೈಕಲ್. ಬಾಲ್ಕನಿಯಲ್ಲಿ ಧೂಳು ಹಿಡಿದು ಕೂತಿತ್ತು. ಯುಗಾದಿಗೆ ಹೇಳಿದ್ದೆ. ಆಗ ಶ್ರಾವಣ.

ಆ ರಾತ್ರಿ ಕೂತು ಮೊದಲ ಸಲ ಆ ಪ್ರಯೋಗದ ಬಗ್ಗೆ ಸರಿಯಾಗಿ ಓದಿದೆ. ಮೂಲ ಮಕ್ಕಳು ಸ್ಟ್ಯಾನ್‌ಫರ್ಡ್ ಆವರಣದ ನರ್ಸರಿಯವರು, ಹೆಚ್ಚಿನವರು ಅಲ್ಲಿ ಓದಿಸುವವರ, ಓದುವವರ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದರು. ಕಾಯುವುದಕ್ಕೂ ಹದಿನೈದನೇ ವಯಸ್ಸಿನ ಓದಿಗೂ ಇದ್ದ ನಂಟು ಹಿಂದೆ ಹೇಳಿದ್ದರ ಅರ್ಧ. ಮನೆಯ ಸ್ಥಿತಿ, ಮಗುವಿನ ಆರಂಭದ ಕಲಿಕೆ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಆ ಅರ್ಧದಲ್ಲೂ ಮೂರನೇ ಎರಡು ಭಾಗ ಮಾಯ. ಅದಕ್ಕೂ ಮುಂಚೆ, 2013ರಲ್ಲಿ, ಸೆಲೆಸ್ಟ್ ಕಿಡ್ ಅವರ ತಂಡ ಇನ್ನೊಂದು ಚಂದದ ಕೆಲಸ ಮಾಡಿತ್ತು. ಕೆಲವು ಮಕ್ಕಳಿಗೆ ಮೊದಲು ಒಳ್ಳೇ ಬಣ್ಣದ ಪೆನ್ಸಿಲ್ ತಂದುಕೊಡ್ತೀನಿ ಅಂತ ಹೇಳಿ ಕೊಟ್ಟರು, ಕೆಲವರಿಗೆ ಹೇಳಿ ಕೈಕೊಟ್ಟರು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ನೋಡಿದ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು, ಮೋಸ ಹೋದವರು ಮೂರು ನಿಮಿಷ. ಓದುತ್ತಾ ಓದುತ್ತಾ ನನಗೆ ಮೈ ಬಿಸಿಯಾಯಿತು. ನಾನು ಪಲ್ಲವಿಯ ಸಂಯಮ ಅಳೆದಿರಲಿಲ್ಲ. ಅವಳು ನನ್ನನ್ನು ಅಳೆದಿದ್ದಳು, ಅದೂ ಸರಿಯಾಗಿ.

ತಡೀರಿ, ಈ ಕಿಡ್ ಅವರ ಪ್ರಯೋಗದಲ್ಲಿದ್ದದ್ದು 28 ಮಕ್ಕಳು. ಬರೀ 28. ನನ್ನ ಕತೆಗೆ ಹೊಂದುತ್ತೆ ಅಂತ ನಾನು ಅದನ್ನು ಅಪ್ಪಿಕೊಂಡರೆ, ಸಾಹುಕಾರನ ಭಂಗಿಯ ಟ್ರೈನರ್‌ಗೂ ನನಗೂ ಏನು ವ್ಯತ್ಯಾಸ? ಹಾಗಾಗಿ ಅದನ್ನೂ ‘ಹೀಗಿರಬಹುದು’ ಅನ್ನುವ ಕಪಾಟಿನಲ್ಲೇ ಇಟ್ಟಿದ್ದೇನೆ. ಸೈಕಲ್ ಕೊಡದೇ ಇದ್ದದ್ದು ಮಾತ್ರ ಖಚಿತ, ಅದಕ್ಕೆ ಸಿಗ್ಮಾ ಬೇಕಿಲ್ಲ. ಮಾರನೇ ದಿನವೇ ಕೊಟ್ಟೆ. ಪಲ್ಲವಿ ಕೂತು ನೋಡಿದಳು, ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತಿತ್ತು. ಗೌರಮ್ಮ ಅದನ್ನು ತಂಗಿಯ ಮಗನಿಗೆ ಕೊಟ್ಟಳಂತೆ.

ಇಂಥ ಅರೆಬೆಂದ ಮನಶ್ಶಾಸ್ತ್ರದ ಮೇಲೆ ನಮ್ಮ ಸಂದರ್ಶನಗಳು, ಅಪ್ರೈಸಲ್ಲುಗಳು, ಶಾಲೆಯ ಪೇರೆಂಟ್ಸ್ ಮೀಟಿಂಗುಗಳು ನಡೀತಿವೆ. 2015ರಲ್ಲಿ ಮನಶ್ಶಾಸ್ತ್ರದವರೇ ಒಟ್ಟಾಗಿ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97% ‘ಪರಿಣಾಮ ಇದೆ’ ಅಂದಿದ್ದವು. ಮರುಪರೀಕ್ಷೆಯಲ್ಲಿ ಹಾಗೆ ಬಂದದ್ದು 36%. ಮನಸ್ಸಿನ ಶಕ್ತಿ ಬ್ಯಾಟರಿ ಥರ ಖಾಲಿಯಾಗುತ್ತೆ ಅನ್ನುವ ಪ್ರಸಿದ್ಧ ಸಿದ್ಧಾಂತವನ್ನು 2016ರಲ್ಲಿ 23 ಲ್ಯಾಬುಗಳು ಸೇರಿ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಮ್ಮಿ ಸೊನ್ನೆಗೆ ಬಂತು. ಫಾರ್ಮಿನ ಮೇಲ್ಭಾಗದಲ್ಲೇ ಸಹಿ ಹಾಕಿಸಿದರೆ ಜನ ಪ್ರಾಮಾಣಿಕವಾಗಿ ಬರೆಯುತ್ತಾರೆ ಅಂದ 2012ರ ಪ್ರಬಂಧವನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು, ಒಳಗಿನ ದತ್ತಾಂಶವೇ ಕಟ್ಟುಕತೆ ಅಂತ ಗೊತ್ತಾಗಿ. ಪ್ರಾಮಾಣಿಕತೆಯ ಪ್ರಬಂಧ!

“ಹಾಗಾದರೆ ಏನನ್ನೂ ನಂಬಬಾರದಾ? ವ್ಯಾಕ್ಸೀನೂ ಬೇಡವಾ?” ಅಂತ ಕೇಳುವವರಿದ್ದಾರೆ. ದಯವಿಟ್ಟು ಆ ಬಸ್ಸು ಹತ್ತಬೇಡಿ. ಲಸಿಕೆಗಳನ್ನು ಕೋಟ್ಯಂತರ ಜನರಿಗೆ ಕೊಟ್ಟು, ದಶಕಗಳ ಕಾಲ ಲೆಕ್ಕ ಇಟ್ಟು, ತಪ್ಪು ಹುಡುಕಲೆಂದೇ ಕೂತವರ ಕೈಯಲ್ಲಿ ಪಾಸಾಗಿ ಬಂದ ಜ್ಞಾನವೇ ಬೇರೆ. ನಿನ್ನೆ ಸಂಜೆ ಬಂದ, 42 ಜನರ ಜ್ಞಾನವೇ ಬೇರೆ. ಎರಡಕ್ಕೂ ಒಂದೇ ಪದ ಬಳಸುವುದು ನಮ್ಮ ಸೋಮಾರಿತನ. ಚಿಕ್ಕಪ್ಪನ ಪಂಚಾಂಗ ಸಾವಿರ ವರ್ಷದಿಂದ ಬದಲಾಗಿಲ್ಲ ಅನ್ನುವುದನ್ನೂ ನಾನು ಒಪ್ಪಲ್ಲ. ಗ್ರಹಣದ ಲೆಕ್ಕ ಆಕಾಶಕ್ಕೆ ತಾಳೆಯಾಗದೆ ಹೋದಾಗ ನಮ್ಮ ಹಳೇ ಗಣಿತಜ್ಞರೇ ಸೂತ್ರ ತಿದ್ದಿದ್ದಾರೆ. ಬದಲಾಗದೆ ಉಳಿದದ್ದು ಭವಿಷ್ಯದ ಪುಟ ಮಾತ್ರ. ಅದಕ್ಕೆ ಯಾರೂ ತಿದ್ದುಪಡಿ ಪ್ರಕಟಿಸಿದ್ದು ನಾನು ಕಂಡಿಲ್ಲ.

ಸರಿಯಾಗಿ ಮಾಡಿದರೆ ಹೇಗಿರುತ್ತೆ ಅಂತ ನೋಡಬೇಕಾ? ಗುರುತ್ವ ಅಲೆ ಹುಡುಕುವ ಲೈಗೊ ತಂಡದಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಬೆರಳೆಣಿಕೆಯ ಕೆಲವರು ಯಾರಿಗೂ ಹೇಳದೆ ಉಪಕರಣದೊಳಗೆ ಸುಳ್ಳು ಸಂಕೇತ ಸೇರಿಸಬಹುದು. 2010ರ ಸೆಪ್ಟೆಂಬರಿನಲ್ಲಿ ಒಂದು ಚಂದದ ಸಂಕೇತ ಬಂತು. ಮಹಾಶ್ವಾನ ನಕ್ಷತ್ರಪುಂಜದ ದಿಕ್ಕಿನಿಂದ ಬಂದಂತಿದ್ದರಿಂದ ‘ದೊಡ್ಡ ನಾಯಿ’ ಅಂತ ಹೆಸರಿಟ್ಟರು. ನೂರಾರು ಜನ ಆರು ತಿಂಗಳು ಬೆವರು ಸುರಿಸಿ, ಪ್ರಬಂಧ ಬರೆದು ಸಿದ್ಧವಾಗಿ ಕೂತರು. 2011ರ ಮಾರ್ಚ್‌ನಲ್ಲಿ ಸಭೆ ಸೇರಿ ಗುಟ್ಟಿನ ಲಕೋಟೆ ಒಡೆದರು. ಸುಳ್ಳು ಸಂಕೇತ! ಪ್ರಬಂಧ ಕಸದ ಬುಟ್ಟಿಗೆ. ನಮ್ಮಲ್ಲಾಗಿದ್ದರೆ ಯೂನಿಯನ್ ಕಟ್ಟಿ ಸ್ಟ್ರೈಕ್ ಮಾಡ್ತಿದ್ದೆವು. ಅವರಿಗೆ ಬೇಕಾಗಿದ್ದದ್ದು ಅದೇ, ತಮ್ಮನ್ನು ತಾವು ಹಿಡಿಯಬಲ್ಲೆವೇ ಅಂತ ತಿಳಿಯುವುದು. ಹಾಗಾಗಿ 2015ರ ಸೆಪ್ಟೆಂಬರ್ 14ರಂದು ನಿಜವಾದ ಅಲೆ ಬಂದಾಗ ಮೊದಲ ಪ್ರಶ್ನೆಯೇ ‘ಯಾರು ಸೇರಿಸಿದ್ದು?’ ಯಾರೂ ಅಲ್ಲ ಅಂತ ಖಚಿತವಾದ ಮೇಲೂ ಸುಮಾರು ಐದು ತಿಂಗಳು ಬಾಯಿ ಬಿಡಲಿಲ್ಲ. 2016ರ ಫೆಬ್ರವರಿ 11ಕ್ಕೆ ಹೇಳಿದರು. ಅದು ನಿಂತಿದೆ.

ಆ ಅಲೆಯ ಕೊನೆಯಲ್ಲಿ, ಎರಡು ಕಪ್ಪುಕುಳಿಗಳು ಒಂದಾದ ಮೇಲೆ, ಗಂಟೆ ಬಾರಿಸಿದಾಗ ಸದ್ದು ಕ್ಷೀಣಿಸುತ್ತಾ ಹೋಗುತ್ತದಲ್ಲ, ಅಂಥದೊಂದು ಅನುರಣನ ಇರುತ್ತದೆ. ಅದು ಹೀಗಿರುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಹೈಗ್ರೌಂಡ್ಸ್‌ನ ನೆಹರೂ ತಾರಾಲಯ ಕಟ್ಟಿ ಬೆಳೆಸಿದವರು. ಶಾಲೆಯಿಂದ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ನಮಗೆ ನಕ್ಷತ್ರ ತೋರಿಸಿದ್ದು ಅಲ್ಲೇ. ಲೆಕ್ಕ ಹಾಕಿದ ಮೇಲೆ ಆಕಾಶ ಹೌದು ಅನ್ನಲು ಅವರು ನಲವತ್ತೈದು ವರ್ಷ ಕಾಯಬೇಕಾಯಿತು. ಕಾದರು. ಸುದ್ದಿ ಕೇಳಿಯೇ 2017ರ ಜನವರಿಯಲ್ಲಿ ತೀರಿಕೊಂಡರು. ಆ ಎರಡು ವರ್ಷ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಅವರ ಬಗ್ಗೆ ಒಂದೇ ಒಂದು ಫಾರ್ವರ್ಡ್ ಬಂದ ನೆನಪಿಲ್ಲ.

ಟ್ರೈನಿಂಗ್ ಮುಗಿದ ವಾರ, ಇದ್ದಬದ್ದ ಧೈರ್ಯ ಒಟ್ಟುಗೂಡಿಸಿ, ಕೂತುಕೊಂಡೇ, ಎಚ್‌ಆರ್‌ಗೆ ಮೇಲ್ ಬರೆದೆ. 2010ರ ಪ್ರಬಂಧ, 2015ರ ಪ್ರಬಂಧ, ಕಾರ್ನಿಯವರ ಹೇಳಿಕೆ ಮೂರನ್ನೂ ಲಗತ್ತಿಸಿ, ಮುಂದಿನ ಬ್ಯಾಚಿಗೆ ಆ ಎರಡು ನಿಮಿಷ ಬಿಟ್ಟುಬಿಡಬಹುದೇ ಅಂತ ಕೇಳಿದೆ. ಮರುದಿನ ಉತ್ತರ ಬಂತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ದಯವಿಟ್ಟು ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ನಮೂದಿಸಿ. ಫಾರ್ಮ್ ತೆರೆದೆ. ಐದು ಮುಖಗಳಿದ್ದವು, ಅಳುಮುಖದಿಂದ ನಗುಮುಖದವರೆಗೆ. ಬರೆಯೋಕೆ ಜಾಗ ಇರಲಿಲ್ಲ.